ಮಲೆನಾಡಿನಲ್ಲಿ ಹಳೆಯ ಬೆಂಜ್ ಕಾರು: ಕೊಳ್ಳುವುದು ಹೇಗೆ, ಸರಿಪಡಿಸುವುದು ಹೇಗೆ

ಹೊಸ ಸಣ್ಣ ಕಾರಿನ ಬೆಲೆಗಿಂತ ಕಡಿಮೆ ಹಣಕ್ಕೆ ಇಪ್ಪತ್ತೈದು-ಮೂವತ್ತು ವರ್ಷ ಹಳೆಯದಾದ ಮರ್ಸಿಡಿಸ್ ಬೆಂಜ್ ಸಿಗುತ್ತದೆ ಎಂದು ತಿಳಿದ ದಿನದಿಂದ ನಿದ್ದೆಗೆಟ್ಟವರು ನಮ್ಮ ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆ ಅನೇಕರಿದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಕೊಂಡ ಮೇಲೆ ನಿದ್ದೆಗೆಟ್ಟದ್ದು ಬೇರೆ ಕಾರಣಕ್ಕೆ. ಆ ಅನುಭವದಿಂದ ಮೊದಲಿಗೇ ಒಂದು ಮಾತು ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಹಳೆಯ ಕಾರನ್ನು ಇಂಜಿನ್ ನೋಡಿ ಕೊಳ್ಳಬಾರದು, ಮೈ ನೋಡಿ ಕೊಳ್ಳಬೇಕು. ಕೆಟ್ಟ ಇಂಜಿನ್ನನ್ನು ಶಿವಮೊಗ್ಗದಲ್ಲೇ ಬಿಚ್ಚಿ ಕಟ್ಟಬಲ್ಲ ಕೈಗಳಿವೆ, ಕೀಲುಗಳಲ್ಲಿ ಕೂರುವ ಬುಷ್ಷು ಕಡೆದುಕೊಡುವ ಲೇತ್‌ಗಳಿವೆ. ಆದರೆ ಒಳಗಿನಿಂದ ತುಕ್ಕು ತಿಂದ ಮೈಯನ್ನು, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಇಟ್ಟುಕೊಂಡು ಉಳಿಸುವುದು ಬಹಳ ಕಷ್ಟ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಡಬ್ಲ್ಯು 124 ಎಂಬ ಒಳಹೆಸರಿನ ಇ-ಕ್ಲಾಸ್ ಕಾರನ್ನು. 1984ರಲ್ಲಿ ಜರ್ಮನಿಯಲ್ಲಿ ಹೊರಬಂದ ಈ ಮಾದರಿಯನ್ನು ಭಾರತದಲ್ಲಿ 1995ರಿಂದ ಪುಣೆಯಲ್ಲಿ ಜೋಡಿಸತೊಡಗಿದರು. ಇ 220 ಎಂಬ ಪೆಟ್ರೋಲ್ ಕಾರು, ಇ 250 ಡಿ ಎಂಬ ಡೀಸೆಲ್ ಕಾರು ನಮ್ಮ ರಸ್ತೆಗಿಳಿದದ್ದು ಹಾಗೆ. ಕಂಪ್ಯೂಟರಿನ ಹಾವಳಿ ಕಡಿಮೆಯಿರುವ, ಸ್ಪ್ಯಾನರ್ ಹಿಡಿದವನಿಗೆ ಅರ್ಥವಾಗುವ ಕಾರು ಎಂಬ ಕಾರಣಕ್ಕೆ ನಾನು ಇದರ ಪಕ್ಷಪಾತಿ. ಇದರ ನಂತರ ಬಂದ, ದುಂಡು ದೀಪಗಳ ಡಬ್ಲ್ಯು 210 ಇನ್ನೂ ಅಗ್ಗಕ್ಕೆ ಸಿಗಬಹುದು. ಆದರೆ ಅದರ ಮೈಗೆ ತುಕ್ಕು ಬೇಗ ಹತ್ತುತ್ತದೆ ಎಂಬುದು ಜಗತ್ತಿಗೇ ಗೊತ್ತಿರುವ ಸಂಗತಿ. ಮುಂದಿನ ಸ್ಪ್ರಿಂಗ್ ಕೂರುವ ಜಾಗವೇ ತುಕ್ಕಿನಿಂದ ಸಡಿಲಗೊಂಡು ಕಿತ್ತುಬರುವುದುಂಟು. ಒಣಹವೆಯ ಊರಿನವರು ಬೇಕಾದರೆ ಕೊಳ್ಳಲಿ, ನಮಗೆ ಬೇಡ. ಬೆಂಜ್ ಎಂಬ ಹೆಸರಿನ ಹಂಬಲವಿಲ್ಲದೆ ಸುಖವಾದ ದೊಡ್ಡ ಕಾರು ಮಾತ್ರ ಸಾಕೆನ್ನುವವರು ಟೊಯೋಟಾದ ಹಳೆಯ ಕ್ಯಾಮ್ರಿಯನ್ನೋ ಹೋಂಡಾದ ಅಕಾರ್ಡನ್ನೋ ನೋಡಬಹುದು. ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಅವಕ್ಕೂ ಅನ್ವಯಿಸುತ್ತದೆ.

ಹಣದ ಲೆಕ್ಕ ಮೊದಲೇ ಸ್ಪಷ್ಟವಾಗಿರಲಿ. ಕೈಯಲ್ಲಿ ಐದು ಲಕ್ಷವಿದ್ದರೆ ಕಾರಿಗೆ ಎರಡೂವರೆಗಿಂತ ಹೆಚ್ಚು ಕೊಡಬೇಡಿ. ಉಳಿದದ್ದನ್ನು ಮೊದಲ ಎರಡು ವರ್ಷಗಳಲ್ಲಿ ಕಾರೇ ಕೇಳಿ ಪಡೆಯುತ್ತದೆ. ಕಾರಿನ ಬೆಲೆ ಇಳಿದಿದ್ದರೂ ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ ಎಂಬುದನ್ನು ಕೊಳ್ಳುವ ಉತ್ಸಾಹದಲ್ಲಿ ಎಲ್ಲರೂ ಮರೆಯುತ್ತಾರೆ.

ಎಲ್ಲಿಯ ಕಾರು, ಯಾವ ತಿಂಗಳಲ್ಲಿ

ಕಾರು ಎಲ್ಲಿ ಬಾಳಿದೆ ಎಂಬುದು ಅದು ಎಷ್ಟು ಕಿಲೋಮೀಟರ್ ಓಡಿದೆ ಎಂಬುದಕ್ಕಿಂತ ಮುಖ್ಯ. ಚಿತ್ರದುರ್ಗ, ಬಳ್ಳಾರಿಯ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸೀಳಿರುತ್ತದೆ, ಬಾಗಿಲಿನ ರಬ್ಬರುಗಳು ಕಡ್ಡಿಯಂತಾಗಿರುತ್ತವೆ, ಬಣ್ಣ ಮಂಕಾಗಿರುತ್ತದೆ, ನೋಡಿದವರು ಮೂಗು ಮುರಿಯುತ್ತಾರೆ. ಆದರೆ ಅದರ ತಗಡು ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಕುಂದಾಪುರದಿಂದ ಹೊನ್ನಾವರದವರೆಗಿನ ಉಪ್ಪುಗಾಳಿಯಲ್ಲಿ ನಿಂತ ಕಾರು ಹೊರಗಿನಿಂದ ಮಿರಮಿರ ಮಿಂಚುತ್ತಿದ್ದರೂ ಒಳಗೆ ಟೊಳ್ಳಾಗಿರಬಹುದು. ರಬ್ಬರನ್ನು ಕೊಂಡು ತರಬಹುದು, ಆದ್ದರಿಂದ ಬಯಲುಸೀಮೆಯ ಕಾರೇ ವಾಸಿ.

ಇನ್ನು ಕಾಲದ ಮಾತು. ಆಷಾಢದಲ್ಲಿ ನಮ್ಮಲ್ಲಿ ವಾಹನ ಕೊಳ್ಳುವವರು ಕಡಿಮೆಯಾದ್ದರಿಂದ ಮಾರುವವನು ಮೆತ್ತಗಿರುತ್ತಾನೆ. ಅದಕ್ಕಿಂತ ದೊಡ್ಡ ಲಾಭವೆಂದರೆ ಆ ತಿಂಗಳಿನಲ್ಲಿ ಮಳೆಯೇ ಬಂದು ಕಾರನ್ನು ಪರೀಕ್ಷಿಸಿಕೊಡುತ್ತದೆ. ನೀರು ಎಲ್ಲಿ ಸೋರುತ್ತದೆ, ಬಾಗಿಲಿನ ಕೆಳಗೆ ಎಲ್ಲಿ ನಿಲ್ಲುತ್ತದೆ, ಯಾವ ದೀಪದೊಳಗೆ ಹಬೆ ಕಟ್ಟುತ್ತದೆ ಎಂಬುದನ್ನು ಬೇಸಿಗೆಯಲ್ಲಿ ಎಂಥ ಮೆಕ್ಯಾನಿಕ್ಕೂ ಹೇಳಲಾರ. ಶಾಸ್ತ್ರ ನೋಡುವವರು ಆಷಾಢದಲ್ಲಿ ಕಾರು ನೋಡಿ, ಶ್ರಾವಣದಲ್ಲಿ ದುಡ್ಡು ಕೊಡಬಹುದು.

ಮೈ ನೋಡುವ ಕ್ರಮ

ಹೋಗುವಾಗ ಒಂದು ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ನೆಲಕ್ಕೆ ಹಾಸಲು ಒಂದು ಗೋಣಿಚೀಲ ಇಟ್ಟುಕೊಳ್ಳಿ. ಅಯಸ್ಕಾಂತವನ್ನು ಬಾಗಿಲಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಮುಂದಿನ ಮಡ್‌ಗಾರ್ಡಿನ ತುದಿಗಳಲ್ಲಿ ಮೆಲ್ಲಗೆ ಆಡಿಸಿ. ಅದು ಹಿಡಿಯದೆ ಜಾರಿದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಈ ಕಾರಿನ ಬಾಗಿಲುಗಳ ಕೆಳಗೆ ಉದ್ದಕ್ಕೂ ಅಗಲವಾದ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ನೋಡಲು ಚಂದ, ಆದರೆ ಅವುಗಳ ಹಿಂದೆ ಕೆಸರು ಸೇರಿಕೊಂಡು ವರ್ಷಗಟ್ಟಲೆ ಒದ್ದೆಯಾಗಿರುತ್ತದೆ. ಜಾಕ್ ಕೊಡುವ ನಾಲ್ಕು ತೂತುಗಳ ಮುಚ್ಚಳಗಳು ಆ ಪಟ್ಟಿಯಲ್ಲೇ ಇವೆ. ಅವನ್ನು ತೆಗೆದು ಒಳಗೆ ಟಾರ್ಚು ಬಿಡಿ, ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಟಣ್ ಎಂದರೆ ನೆಮ್ಮದಿ. ನೆನೆದ ಬಿಸ್ಕತ್ತಿನಂತೆ ಒಳಗಿಳಿದರೆ ಟೀ ಕುಡಿದು ವಾಪಸು ಬನ್ನಿ.

ನಾನು ಮೊದಲು ನೋಡಿದ ಕಾರಿನಲ್ಲಿ ನಡೆದದ್ದು ಇದೇ. ಮಾರುವವರು ಇಂಜಿನ್ ಚಾಲೂ ಮಾಡಿ, ಅಲುಗಾಟವೇ ಇಲ್ಲವೆಂದು ಅದರ ಮೇಲೆ ನಾಣ್ಯ ನಿಲ್ಲಿಸಿ ತೋರಿಸಿದರು. ನಾನು ಮರುಳಾಗಿ ಮುಂಗಡದ ಮಾತಿಗೇ ಇಳಿದಿದ್ದೆ. ಜೊತೆಗೆ ಬಂದಿದ್ದ ನಮ್ಮೂರಿನ ಮೆಕ್ಯಾನಿಕ್ ಗೋಣಿಚೀಲದ ಮೇಲೆ ಮಲಗಿ ಒಳಗೆ ಹೋದವರು ಅಲ್ಲಿಂದಲೇ, "ಇಂಜಿನ್ ಏನೋ ಗಟ್ಟಿ ಇದೆ ಮಾರಾಯ್ರೆ, ಆದ್ರೆ ಅದು ಕೂತಿರೋ ಮನೆಗೇ ಗೆದ್ದಲು ಹಿಡಿದಿದೆ" ಎಂದರು. ಎದ್ದು ಬಂದಾಗ ಅವರ ಅಂಗೈಯಲ್ಲಿ ಚಹಾಪುಡಿಯಂಥ ಕೆಂಪು ಪುಡಿ ಒಂದು ಹಿಡಿಯಿತ್ತು. ಆ ದಿನ ಉಳಿದ ಹಣದಲ್ಲೇ ಈಗಿನ ಕಾರು ಬಂದಿದೆ.

ನಂತರ ಒಳಗೆ. ನೆಲಹಾಸಿನ ಅಡಿಯಲ್ಲಿ ದಪ್ಪ ಫೆಲ್ಟ್ ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೂಲೆ ಎತ್ತಿ ಕೈಯಿಂದ ಒತ್ತಿ, ಮೂಸಿ ನೋಡಿ. ಸುಗಂಧದ ಡಬ್ಬಿ ಎರಡೆರಡು ತೂಗುಹಾಕಿರುವ ಕಾರಿನಲ್ಲಿ ಇನ್ನಷ್ಟು ಜಾಗರೂಕತೆಯಿಂದ ಮೂಸಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಎತ್ತಿ ಅದರ ಗುಂಡಿಯನ್ನು ನೋಡಿ. ಹಿಂದಿನ ದೀಪಗಳ ರಬ್ಬರು ಒಣಗಿದ್ದರೆ ನೀರು ಅಲ್ಲಿಗೇ ಇಳಿಯುತ್ತದೆ. ಮುಂದಿನ, ಹಿಂದಿನ ಗಾಜುಗಳ ಕೆಳಮೂಲೆಗಳಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಗಾಜು ತೆಗೆಯದೆ ಅದರ ಆಳ ತಿಳಿಯದು, ತೆಗೆದರೆ ಖರ್ಚು ಶುರು.

ಇಂಜಿನ್ ವಿಷಯ

ಇದರಲ್ಲಿ ಗೊತ್ತಿರುವ ಮೆಕ್ಯಾನಿಕ್ಕರನ್ನು ಕರೆದೊಯ್ದರೆ ಅರ್ಧ ಕೆಲಸ ಮುಗಿಯಿತು. ಆದರೂ ನಾವೇ ಗಮನಿಸಬೇಕಾದ ಕೆಲವಿವೆ. ಬಾನೆಟ್ ಮುಟ್ಟಿದಾಗ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅದಕ್ಕೆ ಕಾರಣವಿರುತ್ತದೆ. ಚಾಲೂ ಮಾಡಿದೊಡನೆ ಬರುವ ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಇಂಜಿನ್ ತಂಪಿಡುವ ದ್ರವವಾದ ಕೂಲೆಂಟ್ ಒಳಸೇರುತ್ತಿರುವುದರ ಗುರುತು. ಆಯಿಲ್ ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥದ್ದು ಕಂಡರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಗಿರುವ ಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ ಎನ್ನುತ್ತಾರೆ. ಆದರೆ ಮಂಜಿನ ದಿನಗಳಲ್ಲಿ ಪೇಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲೂ ತೇವ ಕಟ್ಟಿ ಅಷ್ಟಿಷ್ಟು ಹಾಗೆ ಕಾಣುವುದುಂಟಾದ್ದರಿಂದ, ಕೂಲೆಂಟ್ ಡಬ್ಬಿಯಲ್ಲೂ ಆಯಿಲ್ ತೇಲುತ್ತಿದೆಯೇ ಎಂದು ನೋಡಿ, ಸಿಲಿಂಡರುಗಳೊಳಗಿನ ಒತ್ತಡವನ್ನು (ಕಂಪ್ರೆಷನ್) ಅಳೆಸಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಸಾಧ್ಯವಾದರೆ ಒಂದು ಘಾಟಿ ಹತ್ತಿಸಿ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದು ಇಂಜಿನ್ನನ್ನು ತಂಪಾಗಿಡುವ ರೇಡಿಯೇಟರ್, ಥರ್ಮೋಸ್ಟಾಟ್, ಫ್ಯಾನ್ ಕ್ಲಚ್ ಮೂರರ ಜಾತಕವನ್ನೂ ಒಟ್ಟಿಗೆ ಹೇಳುತ್ತದೆ. ಇಳಿಯುವಾಗ ಬ್ರೇಕಿನ ಜಾತಕ.

ಒಂದು ವಿಶೇಷ ಎಚ್ಚರಿಕೆ. ತೊಂಬತ್ತರ ದಶಕದ ಮೊದಲರ್ಧದ ಬೆಂಜ್‌ಗಳಲ್ಲಿ ಇಂಜಿನ್ ಮೇಲಿನ ವೈರುಗಳಿಗೆ ಬಳಸಿದ ಹೊದಿಕೆ ಶಾಖಕ್ಕೆ ಒಣಗಿ ಉದುರುವಂಥದ್ದು. ಇಂಜಿನ್ ನಿಲ್ಲಿಸಿ, ತಂತಿಗಳ ಮೇಲಿನ ಕಪ್ಪು ಕೊಳವೆಯನ್ನು ಸ್ವಲ್ಪ ಸರಿಸಿ, ಒಳಗಿನ ಒಂದು ವೈರನ್ನು ಬೆರಳಿನಿಂದ ಹಗುರವಾಗಿ ಬಾಗಿಸಿ. ಹೊದಿಕೆ ಹಪ್ಪಳದಂತೆ ಚೂರಾದರೆ ಇಡೀ ವೈರಿಂಗ್ ಬದಲಿಸಬೇಕು, ಆ ಹಣವನ್ನು ಬೆಲೆಯಲ್ಲಿ ಕಡಿಸಬೇಕು. ಹಿಂದಿನವರು ಈಗಾಗಲೇ ಬದಲಿಸಿದ್ದರೆ ಬಿಲ್ ಕೇಳಿ ನೋಡಿ. ಇದು ಕೆಟ್ಟರೆ ಕಾರು ಮಳೆಗಾಲದಲ್ಲಿ ತಲೆಕೆಟ್ಟವರಂತೆ ಆಡುತ್ತದೆ. ಗ್ಯಾರೇಜಿನವರು ಒಂದೊಂದಾಗಿ ಸೆನ್ಸರುಗಳನ್ನು ಬದಲಿಸುತ್ತಾ ಹೋಗುತ್ತಾರೆ, ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ.

ಕಾಗದಪತ್ರ

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ; ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಯಾಗಿತ್ತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂಪಾಯಿಗೆ, ಆಮದು ಕಾರುಗಳಿಗೆ 80,000 ರೂಪಾಯಿಗೆ ಏರಿಸಲಾಯಿತು. ಆದ್ದರಿಂದ ಕಾರು ಪುಣೆಯಲ್ಲಿ ತಯಾರಾದದ್ದೋ ಹೊರದೇಶದಿಂದ ಇಳಿದದ್ದೋ ಎಂಬುದನ್ನು ನೋಂದಣಿ ಪತ್ರವಾದ ಆರ್.ಸಿ.ಯಲ್ಲಿ ಮೊದಲು ನೋಡಿಕೊಳ್ಳಿ. ನವೀಕರಣದ ಅವಧಿ ಮುಗಿದ ಕಾರಾದರೆ ಅದನ್ನು ಮಾರುವವರೇ ಮಾಡಿಸಿಕೊಡಲಿ. ದಂಡದ ಲೆಕ್ಕ ನಿಮ್ಮ ತಲೆಗೆ ಬರುವುದು ಬೇಡ.

ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ಕಾರುಗಳಿಗೆ ಬಂದ ನಿರ್ಬಂಧದಿಂದಾಗಿ ಅಲ್ಲಿಯ ಕಾರುಗಳು ಅಗ್ಗವಾಗಿ ಕಾಣುತ್ತವೆ. ಆದರೆ ಹೊರರಾಜ್ಯದ ಕಾರಿಗೆ ಅಲ್ಲಿಯ ಆರ್‌ಟಿಒದಿಂದ ಆಕ್ಷೇಪಣೆಯಿಲ್ಲ ಎಂಬ ಪತ್ರ (ಎನ್‌ಒಸಿ) ತಂದು, ಇಲ್ಲಿಯ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯುವ ಓಡಾಟದಲ್ಲಿ ಆ ಅಗ್ಗ ಕರಗುತ್ತದೆ. ಶಿವಮೊಗ್ಗದ ಕೆಎ-14 ಅಥವಾ ಸಾಗರದ ಕೆಎ-15 ಬೋರ್ಡಿನ ಕಾರು ಸಿಗುವುದು ಅಪರೂಪ, ಸಿಕ್ಕರೂ ನಮ್ಮದೇ ಮಳೆ ತಿಂದ ಕಾರಾಗಿರುತ್ತದೆ. ಕರ್ನಾಟಕದ ನೋಂದಣಿಯ ಬಯಲುಸೀಮೆ ಕಾರು ಸಿಕ್ಕರೆ 29 ಮತ್ತು 30ನೇ ನಮೂನೆಗಳಲ್ಲಿ ಹೆಸರು ಬದಲಿಸುವ ಕೆಲಸ ಮುಗಿಯುತ್ತದೆ. ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ 35ನೇ ನಮೂನೆ ಕೇಳಿ ಪಡೆಯಿರಿ.

ಸರಿಪಡಿಸುವುದು ಯಾವ ಕ್ರಮದಲ್ಲಿ

ಮನೆಗೆ ತಂದ ಮರುದಿನವೇ ಬಣ್ಣ ಹಚ್ಚಿಸಲು ಓಡುವುದು ಎಲ್ಲರೂ ಮಾಡುವ ತಪ್ಪು. ಮೊದಲು ನೀರಿನ ದಾರಿ. ಹಂಚಿನ ಮಾಡಿನ ಸಂದಿಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ನಡುಮನೆಗೆ ಇಳಿಯುವಂತೆ, ಕಾರಿನಲ್ಲೂ ಮುಂಗಾಜಿನ ಕೆಳಗಿನ ಜಾಲರಿಯೊಳಗೆ ಹಲಸಿನೆಲೆ, ಮಾವಿನ ಹೂವು ಸೇರಿ ಗೊಬ್ಬರವಾಗಿ, ನೀರು ಹೋಗುವ ತೂತು ಮುಚ್ಚಿ, ಬ್ಲೋವರ್ ಮೋಟಾರಿಗೂ ಕಾಲಡಿಗೂ ನೀರು ನುಗ್ಗುತ್ತದೆ. ಜಾಲರಿ ಬಿಚ್ಚಿ, ಬ್ಯಾಟರಿಯನ್ನೂ ಎತ್ತಿಟ್ಟು, ಆ ಗೊಬ್ಬರವನ್ನು ಕೈಯಿಂದಲೇ ಬಾಚಿ ತೆಗೆಯಿರಿ. ನನ್ನ ಕಾರಿನಲ್ಲಿ ಅರ್ಧ ಬಕೆಟ್ ಸಿಕ್ಕಿತು, ಅದರಲ್ಲಿ ಒಂದು ಎರೆಹುಳವೂ ಇತ್ತು. ನಂತರ ಬಾಗಿಲುಗಳ ಅಡಿಯ ತೂತುಗಳನ್ನೂ, ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಕೊಳವೆಗಳನ್ನೂ ತೆಳ್ಳನೆಯ ನೈಲಾನ್ ದಾರ ತೂರಿಸಿ ಬಿಡಿಸಬೇಕು. ಗಟ್ಟಿ ತಂತಿ ಬಳಸಿದರೆ ಕೊಳವೆ ಒಳಗೇ ಹರಿದುಹೋಗುತ್ತದೆ.

ಅದೇ ಬಿಚ್ಚಾಟದಲ್ಲಿ ವೈಪರನ್ನೂ ನೋಡಿಬಿಡಿ. ಈ ಕಾರಿಗಿರುವುದು ಒಂದೇ ವೈಪರ್. ಅದು ಬರೀ ಅತ್ತಿತ್ತ ಹೊರಳುವುದಿಲ್ಲ. ಮೂಲೆಗೆ ಬಂದಾಗ ಚಾಚಿಕೊಂಡು, ನಡುವೆ ಕುಗ್ಗಿ, ಮತ್ತೆ ಚಾಚಿ ಗಾಜಿನ ಶೇಕಡಾ 86ರಷ್ಟನ್ನು ಒರೆಸುತ್ತದೆ. ಆ ಚಾಚಾಟದ ಗೇರುಗಳಿಗೆ ಒಳಗೆ ಗ್ರೀಸ್ ಇರುತ್ತದೆ, ಕಾಲು ಶತಮಾನದಲ್ಲಿ ಅದು ಹಳೆಯ ಬೆಲ್ಲದಂತೆ ಗಟ್ಟಿಯಾಗುತ್ತದೆ. ನಾನು ಈ ಕೆಲಸವನ್ನು "ಆಮೇಲೆ ಮಾಡಿದರಾಯಿತು" ಎಂದು ಬಿಟ್ಟಿದ್ದೆ. ಜುಲೈ ತಿಂಗಳ ಒಂದು ಸಂಜೆ ಘಾಟಿಯ ಮೂರನೇ ತಿರುವಿನಲ್ಲಿ ಅದು ಗಾಜಿನ ನಟ್ಟನಡುವೆ, ಕೈಯೆತ್ತಿ ನಿಂತವರಂತೆ ನಿಂತುಬಿಟ್ಟಿತು. ಪಕ್ಕದಲ್ಲಿದ್ದ ಭಾವ ಕಿಟಕಿಯಿಂದ ಕೊಡೆ ಚಾಚಿ, "ನಮ್ಮ ಹಳೇ ಜೀಪೇ ವಾಸಿಯಿತ್ತು ಮಾರಾಯ" ಎಂದದ್ದನ್ನು ಇಂದಿಗೂ ಮದುವೆ ಮನೆಗಳಲ್ಲಿ ಹೇಳುತ್ತಾನೆ. ತಪ್ಪು ಕಾರಿನದಲ್ಲ, ನನ್ನದು. ವೈಪರಿನ ಜೋಡಣೆಯನ್ನು ಹೊರತೆಗೆದು, ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸದು ತುಂಬಿಸುವುದು ಒಂದು ಮಧ್ಯಾಹ್ನದ ಕೆಲಸ.

ಎರಡನೆಯದು ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಆಯಿಲ್ ಘಾಟಿಯ ಇಳಿಜಾರಿನ ಶಾಖಕ್ಕೆ ಕುದಿದು ಪೆಡಲ್ ಮೆತ್ತಗಾಗುವುದರಿಂದ ಅದನ್ನು ಪೂರ್ತಿ ಬದಲಿಸಬೇಕು, ಎರಡು ವರ್ಷಕ್ಕೊಮ್ಮೆ ಮತ್ತೆ ಬದಲಿಸುತ್ತಿರಬೇಕು. ರಬ್ಬರ್ ಹೋಸುಗಳು ಎಷ್ಟೇ ಚೆನ್ನಾಗಿ ಕಂಡರೂ ಹೊಸವೇ ಇರಲಿ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುತ್ತವೆ. ಹಳೆಯದಾದರೆ ಹಲ್ಲು ಎಷ್ಟಿದ್ದರೂ ಬದಲಿಸಿ. 195/65 ಆರ್ 15 ಎಂಬ ಅಳತೆ ಮಾಮೂಲಿ ಕಾರುಗಳದ್ದೇ ಆಗಿರುವುದರಿಂದ ಶಿವಮೊಗ್ಗದ ಟೈರ್ ಅಂಗಡಿಗಳಲ್ಲೇ ಸಿಗುತ್ತದೆ.

ಮೂರನೆಯದು ನೀರು ಮತ್ತು ಇಂಧನ. ಇ 220ರ ಇಂಜಿನ್ನಿಗೆ ಹೆಡ್ ಅಲ್ಯೂಮಿನಿಯಂದು; ಬಾವಿ ನೀರು, ಬೋರ್ ನೀರು ಹಾಕಿದರೆ ಒಳಗೊಳಗೇ ಕೊರೆಯುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಸರಿಯಾದ ಕೂಲೆಂಟ್ ಬೆರೆಸಿ, ಎಲ್ಲ ಹೋಸುಗಳನ್ನೂ ಥರ್ಮೋಸ್ಟಾಟನ್ನೂ ಒಮ್ಮೆಗೇ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಈ ಕಾರನ್ನು ಮಾಡಿದಾಗ ಅದು ಯಾರ ಮನಸ್ಸಿನಲ್ಲೂ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಎಥನಾಲ್ ತಾಳುವ ಇಂಧನ ಹೋಸುಗಳನ್ನು ಹಾಕಿಸಿ, ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸದೆ ವಾರಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ಆದರೂ ಓಡಿಸಿ.

ಫ್ಯೂಸುಗಳ ಬಗ್ಗೆ ಒಂದು ಸಣ್ಣ ಮಾತು. ಇದರಲ್ಲಿರುವವು ಎರಡು ತುದಿ ಚೂಪಾದ, ಸಣ್ಣ ಗುಂಡಿನಾಕಾರದವು. ಅಲ್ಯೂಮಿನಿಯಂ ಪಟ್ಟಿಯವು ತೇವಕ್ಕೆ ಕಿಲುಬು ಹಿಡಿದು ದೀಪ, ಹಾರ್ನ್ ಎಲ್ಲವೂ ಬಿಟ್ಟುಬಿಟ್ಟು ಕೆಲಸ ಮಾಡತೊಡಗುತ್ತವೆ. ತಾಮ್ರದ ಪಟ್ಟಿಯ ಒಂದು ಪೆಟ್ಟಿಗೆ ತಂದು ಎಲ್ಲವನ್ನೂ ಬದಲಿಸಿದರೆ ಅರ್ಧದಷ್ಟು "ಎಲೆಕ್ಟ್ರಿಕಲ್ ಪ್ರಾಬ್ಲಂ" ಮಾಯವಾಗುತ್ತದೆ.

ಬುಷ್ಷು, ಬಾಲ್ ಜಾಯಿಂಟುಗಳನ್ನು ಕೊಳ್ಳುವಾಗ ಕಾರಿನ ಹೆಸರು ಹೇಳಿ ಕೇಳಬೇಡಿ. ಹಳೆಯ ಭಾಗದ ಮೇಲೆ ಎ ಅಕ್ಷರದಿಂದ ಶುರುವಾಗುವ ಹತ್ತಂಕಿಯ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು ಹೋದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲೂ, ಆನ್‌ಲೈನಿನಲ್ಲೂ ಮೋಸ ಕಡಿಮೆ. ಲೆಮ್‌ಫೋರ್ಡರ್, ಸ್ಯಾಕ್ಸ್, ಬಾಷ್‌ನಂಥ ಕಂಪನಿಗಳ ಡಬ್ಬಿಯಲ್ಲಿ ಬರುವ ಭಾಗ ಶೋರೂಮಿನದಕ್ಕಿಂತ ಅಗ್ಗ, ಗುಣದಲ್ಲಿ ಕಡಿಮೆಯಲ್ಲ. ಹಿಂದಿನ ಪ್ರತಿ ಚಕ್ರಕ್ಕೂ ಐದೈದು ತೋಳುಗಳಿರುವುದರಿಂದ ಅಲ್ಲಿಯ ಬುಷ್ಷುಗಳನ್ನು ಒಂದೊಂದಾಗಿ ಬದಲಿಸಿದರೆ ಕೂಲಿಯೇ ಮೂರುಪಟ್ಟಾಗುತ್ತದೆ. ಎರಡೂ ಬದಿ ಒಟ್ಟಿಗೆ ಮಾಡಿಸಿ.

ತುಕ್ಕಿನ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಅಡಿಕೆ ಒಣಗುವ ಹವೆ ಇರುವಾಗಲೇ ಮುಗಿಸಬೇಕು. ತೇವದ ಗಾಳಿಯಲ್ಲಿ ಹೊಡೆದ ಪ್ರೈಮರ್ ಮುಂದಿನ ವರ್ಷವೇ ಗುಳ್ಳೆ ಏಳುತ್ತದೆ. ತಗಡಿನ ಕೆಲಸ ಮಾಡುವ ಟಿಂಕರಿಂಗ್‌ನವರಿಗೆ ಒಂದು ಮಾತು ಖಚಿತವಾಗಿ ಹೇಳಿ: ತುಕ್ಕನ್ನು ಕತ್ತರಿಸಿ ತಗಡು ಬೆಸೆಯಬೇಕೇ ಹೊರತು ಅದರ ಮೇಲೆ ಪುಟ್ಟಿಯಾಗಲಿ, ಅಡಿಗೆ ಬಳಿಯುವ ಕಪ್ಪು ರಬ್ಬರ್ ಕೋಟಿಂಗ್ ಆಗಲಿ ಬಳಿಯಕೂಡದು. ಬಳಿದರೆ ತೇವ ಒಳಗೇ ಉಳಿದು, ಮೇಲೆ ಕಾಣದಂತೆ ತಿನ್ನುತ್ತದೆ. ಬೆಸುಗೆ ಆದ ಮೇಲೆ ಟೊಳ್ಳು ಭಾಗಗಳೊಳಗೆ ಮೇಣದ ದ್ರವವನ್ನು ಪಿಚಕಾರಿಯಿಂದ ತುಂಬಿಸಿ. ಹೊರಗಿನ ಬಣ್ಣ, ಸೀಟಿನ ಬಟ್ಟೆ ಇವೆಲ್ಲ ಕೊನೆಗೆ, ದುಡ್ಡು ಉಳಿದಿದ್ದರೆ.

ಇಡುವ ಜಾಗ

ಟಾರ್ಪಾಲು ಹೊದಿಸಿ ಇಡಬೇಡಿ. ಅದರೊಳಗೆ ಬೆವರಿ ಬೂಷ್ಟು ಬರುತ್ತದೆ. ಮೇಲೆ ಮಾಡು, ಸುತ್ತ ಅಡಿಕೆ ದಬ್ಬೆಯ ಗಾಳಿಯಾಡುವ ಗೋಡೆ, ಕೆಳಗೆ ಸಿಮೆಂಟ್ ನೆಲ ಇರುವ ಕೊಟ್ಟಿಗೆಯಂಥ ಜಾಗವೇ ಶ್ರೇಷ್ಠ. ಭತ್ತದ ಕಣಜದ, ಗೊಬ್ಬರಗುಂಡಿಯ ಪಕ್ಕ ಮಾತ್ರ ಬೇಡ. ಇಲಿಗಳಿಗೆ ಜರ್ಮನ್ ವೈರು, ದೇಶೀ ವೈರು ಎಂಬ ಭೇದವಿಲ್ಲ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಗೂಡು ಕಟ್ಟಿದೆಯೇ ನೋಡಿ.

ಮಳೆ ನಿಂತ ಮೇಲೆ, ಆಯುಧಪೂಜೆಯ ಹಿಂದಿನ ದಿನ ಕಾರನ್ನು ವಾಟರ್ ಸರ್ವಿಸ್‌ಗೆ ಬಿಡುವ ರೂಢಿ ನಮ್ಮಲ್ಲಿದೆ. ಅಡಿಭಾಗಕ್ಕೆ, ಚಕ್ರದ ಕಮಾನುಗಳಿಗೆ, ಆ ಪ್ಲಾಸ್ಟಿಕ್ ಪಟ್ಟಿಗಳ ಹಿಂದಕ್ಕೆ ಧಾರಾಳವಾಗಿ ನೀರು ಹೊಡೆಸಿ. ಬಾನೆಟ್ ಮಾತ್ರ ತೆರೆಯಲು ಬಿಡಬೇಡಿ. ಪ್ರೆಶರ್ ನೀರು ಹಳೆಯ ವೈರುಗಳ ಸಂದಿಗೆ ನುಗ್ಗಿದರೆ ಪೂಜೆಯ ದಿನ ಕಾರನ್ನು ತಳ್ಳಿಕೊಂಡು ಬರಬೇಕಾಗುತ್ತದೆ. ಇಂಜಿನ್ನನ್ನು ಮನೆಯಲ್ಲೇ ಒದ್ದೆ ಬಟ್ಟೆಯಿಂದ ಒರೆಸಿ, ನೆಲಹಾಸುಗಳನ್ನು ತೆಗೆದು ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಹಾಕಿ, ಫೆಲ್ಟ್ ಪೂರ್ತಿ ಒಣಗಿದೆ ಎಂದು ಖಾತ್ರಿಯಾದ ಮೇಲೆ ಮರಳಿ ಹಾಸಿ.